ಮನೆಮಂದಿ ಕೂಡಿ ನೋಡುವ ತೆರೆ

ಶಿವನು ಮಾನವನಿಗೆ ಕರುಣಿಸಿದ ಪಂಚೇಂದ್ರಿಯಗಳಲ್ಲಿ ಕಣ್ಣಿಗೆ ಹಿರಿದಾದ ಸ್ಥಾನವುಂಟು. ಶರಣಧರ್ಮದಲ್ಲಂತೂ ನೋಟವೇ ಒಂದು ಸಾಧನೆ. ಇಷ್ಟಲಿಂಗವನ್ನು ಕರಸ್ಥಲದಲ್ಲಿ ಇರಿಸಿಕೊಂಡು, ಎವೆಯಿಕ್ಕದೆ ನೋಡುತ್ತ, ನೋಡುವ ಮನಸ್ಸನ್ನು ಒಂದೆಡೆ ನಿಲ್ಲಿಸುವುದನ್ನು ನಮ್ಮ ಹಿರಿಯರು ದೃಷ್ಟಿಯೋಗವೆಂದು ಕರೆದರು. ಕಣ್ಣು ನಿಂತಲ್ಲಿ ಮನ ನಿಲ್ಲುತ್ತದೆ, ಮನ ನಿಂತಂತೆ ಮನುಷ್ಯ ರೂಪುಗೊಳ್ಳುತ್ತಾನೆ ಎಂಬುದು ಅವರ ಅನುಭವ. ಇಂದು ಅದೇ ಅಂಗೈಯ ಮೇಲೆ ದಿನದ ಹಲವು ಗಂಟೆಗಳ ಕಾಲ ಇನ್ನೊಂದು ವಸ್ತು ಬಂದು ಕುಳಿತಿದೆ. ಅದನ್ನು ಹಳಿಯುವುದು ಸುಲಭ. ಅದರಲ್ಲಿ ಏನನ್ನು ನೋಡಬೇಕು, ಯಾರೊಡನೆ ನೋಡಬೇಕು, ಎಷ್ಟು ನೋಡಬೇಕು ಎಂದು ತಿಳಿಯ ಹೇಳುವುದು ಕಷ್ಟ. ಆ ಕಷ್ಟದ ಕೆಲಸವನ್ನು ನನ್ನ ಮೇಲೆ ಹೊರಿಸಿದವರು ಮಂಡಕಳ್ಳಿಯ ಒಬ್ಬ ಗೃಹಿಣಿ.

ಮಂಡಕಳ್ಳಿಯು ಮೈಸೂರು–ನಂಜನಗೂಡು ಹೆದ್ದಾರಿಯ ಮಗ್ಗುಲಲ್ಲಿದೆ. ಹೊರಗಿನವರಿಗೆ ಅದು ವಿಮಾನ ನಿಲ್ದಾಣದ ಊರು. ಅಲ್ಲಿನ ಭಕ್ತರೊಬ್ಬರ ಮನೆಗೆ ಶಿವಪೂಜೆಗೆಂದು ಹೋಗಿದ್ದೆ. ಪೂಜೆ ಮುಗಿದು ಪ್ರಸಾದಕ್ಕೆ ಎಲೆ ಹಾಕುವ ಹೊತ್ತಿಗೆ ನಡುಮನೆಯಲ್ಲಿ ಯಜಮಾನರು ಒಂದು ಮೂಲೆಯಲ್ಲಿ, ಹಿರಿಯ ಮಗ ಇನ್ನೊಂದು ಮೂಲೆಯಲ್ಲಿ, ಮಗಳು ಬಾಗಿಲ ಬಳಿ, ತಮ್ಮ ತಮ್ಮ ಮೊಬೈಲುಗಳಲ್ಲಿ ಮುಳುಗಿದ್ದರು. ಕಿರಿಯ ಮಗುವಿಗೆ ತೆರೆ ತೋರಿಸಿಯೇ ತುತ್ತು ಇಡಬೇಕಾಗಿತ್ತು. ಮನೆಯ ಹಿರಿಯ ಅಜ್ಜಿ ನನ್ನನ್ನು ನೋಡಿ, “ಅಯ್ನೋರೆ, ರಾಮಾಯಣ ಬರ್ತಿದ್ದ ಕಾಲ್ದಲ್ಲಿ ಇದೇ ನಡುಮನೇಲಿ ಬೀದಿಯೋರೆಲ್ಲಾ ಕೂತ್ಕೊಳ್ಳೋರು. ಈಗ ಮನೆಯೋರೆ ಒಂದ್ಕಡೆ ಕೂರಾಕಿಲ್ಲ” ಎಂದರು. ಸೊಸೆ ತಲೆಬಾಗಿ ಕೇಳಿದರು: “ನೋಡ್ಬೇಡಿ ಅಂದ್ರೆ ಮಕ್ಕಳು ಕೇಳಲ್ಲ. ಏನು ನೋಡ್ಬಹುದು ಅಂತ ನೀವೇ ಹೇಳಿಕೊಡಿ.”

ಪ್ರಶ್ನೆ ನ್ಯಾಯವಾದದ್ದು. ಉತ್ತರ ಕೊಡುವುದಕ್ಕೆ ನಾನೇ ನೋಡಬೇಕಾಯಿತು. ಎರಡು ತಿಂಗಳ ಕಾಲ ನನ್ನ ತಮ್ಮನ ಮಗನ ನೆರವಿನಿಂದ ಸಂಜೆಯ ಪೂಜೆಯ ಬಳಿಕ ಒಂದೊಂದು ಗಂಟೆ ನೋಡಿದೆ. ಅದರ ಫಲವನ್ನು ಈ ಪತ್ರಿಕೆಯ ಓದುಗ ಬಾಂಧವರ ಮುಂದೆ ಇಡುತ್ತಿದ್ದೇನೆ.

ಒಂದು ತೆರೆಯಿಂದ ನಾಲ್ಕು ತೆರೆಗೆ

ಅಜ್ಜಿ ನೆನೆದ ರಾಮಾನಂದ ಸಾಗರರ ರಾಮಾಯಣವು 1987ರ ಜನವರಿಯಿಂದ 1988ರ ಜುಲೈವರೆಗೆ ಭಾನುವಾರದ ಬೆಳಿಗ್ಗೆ ದೂರದರ್ಶನದಲ್ಲಿ ಪ್ರಸಾರವಾಯಿತು. ಅಂದು ವಾಹಿನಿ ಒಂದು, ವೇಳೆ ಒಂದು, ಪೆಟ್ಟಿಗೆ ಒಂದು. ಆದ್ದರಿಂದ ಜನ ಕೂಡಲೇಬೇಕಾಗಿತ್ತು. 2015ರಲ್ಲಿ ಹಾಟ್‌ಸ್ಟಾರ್, 2016ರಲ್ಲಿ ನೆಟ್‌ಫ್ಲಿಕ್ಸ್ ಹಾಗೂ ಪ್ರೈಮ್ ವಿಡಿಯೊ ನಮ್ಮ ದೇಶದಲ್ಲಿ ಆರಂಭಗೊಂಡ ಬಳಿಕ ಈ ಕಟ್ಟು ಸಡಿಲಿತು. ಬೇಕಾದದ್ದನ್ನು ಬೇಕಾದಾಗ ನೋಡುವ ಈ ಏರ್ಪಾಡನ್ನೇ ಜನ ಓಟಿಟಿ ಎನ್ನುತ್ತಾರೆ. ಪ್ರಸಾರ ಭಾರತಿಯು ಕೂಡ 2024ರ ನವೆಂಬರಿನಲ್ಲಿ ವೇವ್ಸ್ ಎಂಬ ತನ್ನದೇ ವೇದಿಕೆಯನ್ನು ತೆರೆಯಿತು.

ಇದರಿಂದ ಲಾಭವಿಲ್ಲವೆಂದಲ್ಲ. ಹಿಂದೆ ಪಟ್ಟಣದ ಚಿತ್ರಸಮಾಜಗಳಲ್ಲಿ ಮಾತ್ರ ಕಾಣಸಿಗುತ್ತಿದ್ದ ಸಾಕ್ಷ್ಯಚಿತ್ರವನ್ನು ಇಂದು ಹಳ್ಳಿಯ ವಿದ್ಯಾರ್ಥಿನಿ ನೋಡಬಲ್ಲಳು. ಆದರೆ ಆಯ್ಕೆ ಹೆಚ್ಚಿದಷ್ಟೂ ವಿವೇಕವೂ ಹೆಚ್ಚಬೇಕು. ಉಗ್ರಾಣ ತುಂಬಿದೆಯೆಂದು ಯಾರೂ ಎಲ್ಲವನ್ನೂ ಉಣ್ಣುವುದಿಲ್ಲ.

ಅನ್ನದ ಚಿತ್ರಗಳು

ನಮ್ಮ ಮನೆಗಳಲ್ಲಿ ಮೊದಲು ನೋಡಬಹುದಾದುವು ಅಡುಗೆಯ ಸಾಕ್ಷ್ಯಚಿತ್ರಗಳೆಂದು ನನ್ನ ಅಭಿಪ್ರಾಯ. ಅನ್ನವನ್ನು ಪ್ರಸಾದವೆಂದು ಭಾವಿಸುವ ಸಮಾಜ ನಮ್ಮದು. ಆದರೆ ಇಲ್ಲೊಂದು ಎಚ್ಚರಿಕೆ ಅವಶ್ಯಕ. ಈ ಬಗೆಯ ಬಹುಪಾಲು ಸರಣಿಗಳಲ್ಲಿ ಮಾಂಸದ ದೃಶ್ಯಗಳು ಧಾರಾಳವಾಗಿರುತ್ತವೆ. ಆದುದರಿಂದ ಸರಣಿಯನ್ನಲ್ಲ, ಕಂತನ್ನು ಆರಿಸಿಕೊಳ್ಳಬೇಕು.

ನೆಟ್‌ಫ್ಲಿಕ್ಸ್‌ನ ‘ಶೆಫ್ಸ್ ಟೇಬಲ್’ ಸರಣಿಯ ಮೂರನೆಯ ಭಾಗದ ಮೊದಲ ಕಂತು 2017ರಲ್ಲಿ ಹೊರಬಂದಿತು. ಜಗತ್ತಿನ ಹೆಸರಾಂತ ಭೋಜನಾಲಯಗಳ ಬಾಣಸಿಗರನ್ನು ಪರಿಚಯಿಸುವ ಸರಣಿಯಿದು. ಈ ಕಂತಿನ ನಾಯಕಿಗೆ ಭೋಜನಾಲಯವೇ ಇಲ್ಲ. ಜಿಯಾಂಗ್ ಕ್ವಾನ್ ಎಂಬ ಈಕೆ ದಕ್ಷಿಣ ಕೊರಿಯಾದ ಬೈಕ್ಯಾಂಗ್ಸಾ ಬೌದ್ಧ ದೇವಾಲಯಕ್ಕೆ ಸೇರಿದ ಆಶ್ರಮದ ಸನ್ಯಾಸಿನಿ. ಹದಿಹರೆಯದಲ್ಲಿಯೇ ಮನೆ ತೊರೆದವರು. ಮಾಂಸವಿಲ್ಲ, ಈರುಳ್ಳಿ ಬೆಳ್ಳುಳ್ಳಿಗಳೂ ಇಲ್ಲ. ಹಿತ್ತಿಲ ಸೊಪ್ಪು, ತರಕಾರಿ, ಜಾಡಿಗಳಲ್ಲಿ ವರ್ಷಗಟ್ಟಲೆ ಮಾಗಿದ ಸೋಯಾರಸ, ಇಷ್ಟರಿಂದಲೇ ಆಶ್ರಮವಾಸಿಗಳಿಗೂ ಅತಿಥಿಗಳಿಗೂ ಉಣಬಡಿಸುತ್ತಾರೆ. ಅಡುಗೆಯೇ ಆಕೆಗೆ ಧ್ಯಾನ. ಕಾಯಕವೆಂಬ ನಮ್ಮ ಶಬ್ದವನ್ನು ಆಕೆ ಕೇಳಿರಲಾರರು, ಆದರೆ ಅದರ ಅರ್ಥವನ್ನು ಬದುಕುತ್ತಿದ್ದಾರೆ. ಮಂಡಕಳ್ಳಿಯ ಮನೆಯಲ್ಲಿ ಇದನ್ನು ಹಾಕಿದಾಗ ಅಜ್ಜಿಗೆ ಒಂದಕ್ಷರದ ಇಂಗ್ಲಿಷೂ ತಿಳಿಯದು. ಆದರೂ ಆಕೆ ಕೊನೆಯವರೆಗೆ ಕುಳಿತು, “ಇವ್ರು ಸೊಪ್ಪು ಮುಟ್ಟೋದ್ ನೋಡು, ಮಗೀನ ತಲೆ ಸವರ್ದಂಗೆ” ಎಂದರು. ಯಾವ ವಿಮರ್ಶಕನೂ ಇಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಓದಿಲ್ಲ.

ಎರಡನೆಯದು, 2011ರಲ್ಲಿ ಬೆಲ್ಜಿಯಂ ದೇಶದ ವ್ಯಾಲರಿ ಬೆರ್ಟೊ ಮತ್ತು ಫಿಲಿಪ್ ವಿಟ್ಯೆಸ್ ನಿರ್ಮಿಸಿದ ‘ಹಿಮ್‌ಸೆಲ್ಫ್ ಹೀ ಕುಕ್ಸ್’. ಅಮೃತಸರದ ಸ್ವರ್ಣಮಂದಿರದ ಲಂಗರಿನಲ್ಲಿ ಸಾವಿರಾರು ಜನರಿಗೆ ಅನ್ನ ಸಿದ್ಧವಾಗುವ ಪರಿಯನ್ನು ಇದು ತೋರಿಸುತ್ತದೆ. ವ್ಯಾಖ್ಯಾನದ ಭಾರವಿಲ್ಲ. ತರಕಾರಿ ಹೆಚ್ಚುವ ಕೈಗಳು, ರೊಟ್ಟಿ ಲಟ್ಟಿಸುವ ಕೈಗಳು, ತಟ್ಟೆ ತೊಳೆಯುವ ಕೈಗಳು ಕಾಣುತ್ತವೆ. ಯಾರ ಕೈ ಶ್ರೀಮಂತರದು, ಯಾರದು ಬಡವರದು ಎಂದು ತಿಳಿಯುವುದಿಲ್ಲ. ಸಿದ್ಧಗಂಗೆಯಲ್ಲಿ, ಸುತ್ತೂರಿನ ಜಾತ್ರೆಯಲ್ಲಿ ದಾಸೋಹದ ಪಂಕ್ತಿಯಲ್ಲಿ ಕುಳಿತ ನಮ್ಮ ಮಕ್ಕಳು ಉಣ್ಣುವುದನ್ನು ಮಾತ್ರ ಬಲ್ಲರು. ಪಂಕ್ತಿಯ ಹಿಂದಿರುವ ದುಡಿಮೆಯನ್ನು ಈ ಚಿತ್ರ ಕಾಣಿಸುತ್ತದೆ.

ಮೂರನೆಯದು ಮೈಕೆಲ್ ಪೋಲನ್ ಅವರ ‘ಕುಕ್ಡ್’, 2016ರದು. ಬೆಂಕಿ, ನೀರು, ಗಾಳಿ, ಮಣ್ಣು ಎಂದು ನಾಲ್ಕು ಕಂತುಗಳಿವೆ. ಮೊದಲನೆಯದು ಮಾಂಸ ಸುಡುವ ಕಥೆಯಾದ್ದರಿಂದ ಅದನ್ನು ಬಿಡಬಹುದು. ‘ನೀರು’ ಕಂತಿನಲ್ಲಿ ನಮ್ಮ ದೇಶದ ಅಡುಗೆಮನೆಗಳೂ ಬರುತ್ತವೆ. ಮನೆಯ ಅಡುಗೆಯನ್ನು ಕೈಬಿಟ್ಟು ಕಾರ್ಖಾನೆಯ ಪೊಟ್ಟಣಗಳಿಗೆ ನಾಲಗೆಯನ್ನು ಒಪ್ಪಿಸಿದರೆ ಕುಟುಂಬ ಏನನ್ನು ಕಳೆದುಕೊಳ್ಳುತ್ತದೆ ಎಂಬುದು ಅದರ ವಿಚಾರ.

ಕಾಡಿನ ಚಿತ್ರಗಳು

ಮಂಡಕಳ್ಳಿಯ ಮುಂದಿನ ಹೆದ್ದಾರಿಯನ್ನು ಹಿಡಿದು ನಂಜನಗೂಡು, ಗುಂಡ್ಲುಪೇಟೆಗಳನ್ನು ದಾಟಿ, ಅಲ್ಲಿಂದ ಊಟಿಯ ಕವಲಿಗೆ ತಿರುಗಿ ಬಂಡೀಪುರದ ಕಾಡನ್ನು ಕಳೆದರೆ ತಮಿಳುನಾಡಿನ ಮುದುಮಲೈ ಸೇರುತ್ತದೆ. ಅಲ್ಲಿನ ತೆಪ್ಪಕಾಡು ಆನೆ ಶಿಬಿರದ ಬೊಮ್ಮನ್ ಮತ್ತು ಬೆಳ್ಳಿ ದಂಪತಿಗಳು ತಬ್ಬಲಿ ಆನೆಮರಿ ರಘುವನ್ನು ಸಾಕಿದ ಕಥೆಯೇ ಕಾರ್ತಿಕಿ ಗೊನ್ಸಾಲ್ವಿಸ್ ಅವರ ‘ದಿ ಎಲಿಫೆಂಟ್ ವಿಸ್ಪರರ್ಸ್’. 2022ರಲ್ಲಿ ಬಂದ, ಸುಮಾರು 40 ನಿಮಿಷಗಳ ಈ ಚಿತ್ರಕ್ಕೆ 2023ರಲ್ಲಿ ಆಸ್ಕರ್ ಪ್ರಶಸ್ತಿ ಸಂದಿತು. ಸಕಲ ಜೀವಿಗಳಿಗೆ ಲೇಸನ್ನು ಬಯಸುವ ಧರ್ಮವನ್ನು ಮಕ್ಕಳಿಗೆ ಮಾತಿನಲ್ಲಿ ಹೇಳುವುದಕ್ಕಿಂತ ಇದನ್ನು ತೋರಿಸುವುದು ಮೇಲು.

ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ಅವರ ‘ವೈಲ್ಡ್ ಕರ್ನಾಟಕ’ವನ್ನೂ ಮರೆಯಬಾರದು. ಅದರ ಇಂಗ್ಲಿಷ್ ನಿರೂಪಣೆ ಡೇವಿಡ್ ಅಟೆನ್‌ಬರೋ ಅವರದು, ಕನ್ನಡ ನಿರೂಪಣೆ ರಿಷಬ್ ಶೆಟ್ಟಿಯವರದು. ಕನ್ನಡದ ಅವತರಣಿಕೆಯನ್ನೇ ಹುಡುಕಿ ನೋಡಿರಿ.

ನಗೆಯ ಚಿತ್ರಗಳು

ಧಾರ್ಮಿಕ ಮನೆತನದಲ್ಲಿ ನಗೆಗೆ ಎಡೆಯಿಲ್ಲವೆಂದು ಕೆಲವರು ತಿಳಿದಿದ್ದಾರೆ. ಇದು ಸರಿಯಲ್ಲ. ಡಾಂಭಿಕರನ್ನು ಶರಣರು ಎಷ್ಟು ಹರಿತವಾಗಿ ನಗೆಗೀಡು ಮಾಡಿದರೆಂಬುದನ್ನು ವಚನ ಓದಿದವರೆಲ್ಲ ಬಲ್ಲರು. ನಗೆಯಲ್ಲಿ ಎರಡು ಬಗೆ. ಬಲ್ಲಿದರ ಠಕ್ಕನ್ನು ಬಯಲಿಗೆಳೆಯುವ ನಗೆ ಒಂದು, ಕುಂಟರು, ಕರಿಯರು, ಬಡವರು, ಹೆಣ್ಣುಮಕ್ಕಳನ್ನು ಹಂಗಿಸುವ ನಗೆ ಇನ್ನೊಂದು. ಮೊದಲನೆಯದನ್ನು ಮನೆಗೆ ಕರೆಯಿರಿ, ಎರಡನೆಯದಕ್ಕೆ ಬಾಗಿಲು ಹಾಕಿರಿ.

ಮೊದಲ ಬಗೆಗೆ ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ಉತ್ತಮ ನಿದರ್ಶನ. ಮೈಸೂರಿನ ಆರ್.ಕೆ. ನಾರಾಯಣ್ ಬರೆದ ಕಥೆಗಳು, ಆಗುಂಬೆಯಲ್ಲಿ ನಡೆದ ಚಿತ್ರೀಕರಣ, ಸ್ವಾಮಿಯಾಗಿ ಬಾಲಕ ಮಂಜುನಾಥ, ತಂದೆಯಾಗಿ ಗಿರೀಶ ಕಾರ್ನಾಡರು. 1986ರಲ್ಲಿ ಹೆತ್ತವರು ಕುಳಿತು ನೋಡಿದ್ದನ್ನು ಇಂದು ಮಕ್ಕಳೊಡನೆ ಮತ್ತೆ ನೋಡಬಹುದು. ನೋಡಿದ ಬಳಿಕ ಯಾದವಗಿರಿಯಲ್ಲಿ ವಸ್ತುಸಂಗ್ರಹಾಲಯವಾಗಿರುವ ನಾರಾಯಣ್ ಅವರ ಮನೆಗೆ ಮಕ್ಕಳನ್ನು ಕರೆದೊಯ್ಯಿರಿ. ಫಣಿ ರಾಮಚಂದ್ರರ ‘ಗಣೇಶನ ಮದುವೆ’ ಮತ್ತು ‘ಗೌರಿ ಗಣೇಶ’ ಅನಂತನಾಗ್ ಅವರ ನಿರ್ಮಲ ಹಾಸ್ಯಕ್ಕೆ ಸಾಕ್ಷಿ.

ಈಚಿನವುಗಳಲ್ಲಿ ರಿಷಬ್ ಶೆಟ್ಟಿಯವರ 2018ರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಗಡಿನಾಡಿನ ಕನ್ನಡ ಶಾಲೆಯ ಅಳಿವು ಉಳಿವಿನ ಪ್ರಶ್ನೆಯನ್ನು ನಗುನಗುತ್ತಲೇ ಕೇಳುತ್ತದೆ. ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆದ ಕೃತಿಯಿದು. 2023ರ ‘ಡೇರ್‌ಡೆವಿಲ್ ಮುಸ್ತಾಫಾ’ ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿದ್ದು. ತೇಜಸ್ವಿಯವರ ಓದುಗರೇ ಹಣ ಕೂಡಿಸಿ ಅದನ್ನು ನಿರ್ಮಿಸಿದರು. ಕಾಲೇಜಿಗೆ ಹೊಸದಾಗಿ ಬಂದ ಮುಸಲ್ಮಾನ ಹುಡುಗನನ್ನು ಅನ್ಯನೆಂದು ಕಂಡ ಗೆಳೆಯರು ಅವನನ್ನು ತಮ್ಮವನೆಂದು ಅರಿಯುವ ಕಥೆ. ಅನುಭವ ಮಂಟಪದ ಪರಂಪರೆಯವರೆಂದು ಹೇಳಿಕೊಳ್ಳುವ ನಾವು ಇದನ್ನು ನೋಡದಿದ್ದರೆ ಹೇಗೆ?

ಹಿಂದಿ ಬಲ್ಲವರು 2019ರಿಂದ ಬರುತ್ತಿರುವ ‘ಗುಲ್ಲಕ್’ ನೋಡಬಹುದು. ಮಧ್ಯಮ ವರ್ಗದ ಮಿಶ್ರ ಕುಟುಂಬದ ಕಥೆಯನ್ನು ಆ ಮನೆಯ ಕಾಸು ಕೂಡಿಡುವ ಮಣ್ಣಿನ ಹುಂಡಿಯೇ ಹೇಳುತ್ತದೆ. ಜಗಳವೂ ಪ್ರೀತಿಯೂ ನಮ್ಮ ಮನೆಯದೇ ಎನ್ನಿಸುತ್ತದೆ.

ನಾನು ಎಡವಿದ್ದು

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಳ್ಳಿಯ ಜೀವನವನ್ನು ಕುರಿತ ಒಂದು ಹಾಸ್ಯ ಸರಣಿಯ ಮೊದಲ ಕಂತನ್ನಷ್ಟೇ ನೋಡಿ, ಚೆನ್ನಾಗಿದೆಯೆಂದು ಆ ಮನೆಯವರಿಗೆ ಹೇಳಿಬಿಟ್ಟಿದ್ದೆ. ಮುಂದಿನ ಕಂತುಗಳಲ್ಲಿ ಬೈಗುಳಗಳು ಸುರಿದವಂತೆ. ಮಾವನ ಎದುರಿಗೆ ಸೊಸೆ, ತಂದೆಯ ಎದುರಿಗೆ ಮಗಳು ತಲೆ ತಗ್ಗಿಸಿ ಕೂರುವಂತಾಯಿತು. ಸೊಸೆ ಅದನ್ನು ನನಗೆ ಹೇಳಿದಾಗ ನಾನೂ ತಲೆ ತಗ್ಗಿಸಿದೆ. ತಾನು ಸವಿಯದೆ ಇತರರಿಗೆ ಬಡಿಸಬಾರದೆಂಬ ಪಾಠವನ್ನು ಅರವತ್ತು ದಾಟಿದ ಮೇಲೆ ಮತ್ತೆ ಕಲಿತೆ.

ಇದಕ್ಕೆ ಉಪಾಯವುಂಟು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ ವೇದಿಕೆಗಳು ಪ್ರತಿಯೊಂದು ಚಿತ್ರಕ್ಕೂ ವಯೋಮಾನದ ಗುರುತು ಹಾಕಬೇಕು. ‘ಯು’ ಎಂದರೆ ಎಲ್ಲರಿಗೂ ಸಲ್ಲುವುದು, ಬಳಿಕ 7, 13, 16 ವರ್ಷ ಮೇಲ್ಪಟ್ಟವರಿಗೆ ಎಂಬ ಮೂರು ಮೆಟ್ಟಿಲು, ‘ಎ’ ಎಂದರೆ ವಯಸ್ಕರಿಗೆ ಮಾತ್ರ. 13 ಮತ್ತು ಅದಕ್ಕೆ ಮೇಲಿನವುಗಳಿಗೆ ತಂದೆತಾಯಿಯರು ಬೀಗ ಹಾಕುವ ಅನುಕೂಲವನ್ನೂ ಒದಗಿಸಬೇಕು. ಬೈಗುಳ, ಹಿಂಸೆ ಮುಂತಾದವು ಇದ್ದರೆ ಆರಂಭದಲ್ಲಿಯೇ ಸೂಚಿಸಬೇಕು. ಈ ಗುರುತನ್ನು ನಾನು ಓದಿದ್ದರೆ ಆ ಮುಜುಗರ ತಪ್ಪುತ್ತಿತ್ತು. ಒಂದು ಕಂತು ಮುಗಿದೊಡನೆ ಮುಂದಿನದು ತಾನೇ ಓಡುವುದನ್ನು ನಿಲ್ಲಿಸುವ ಗುಂಡಿಯೂ ಹಲವು ವೇದಿಕೆಗಳಲ್ಲಿದೆ. ಮಿತಾಹಾರದಂತೆ ಮಿತನೋಟಕ್ಕೂ ಅದು ಸಹಾಯಕ. ಚಿತ್ರಗಳು ಒಂದು ವೇದಿಕೆಯಿಂದ ಇನ್ನೊಂದಕ್ಕೆ ಸಾಗುತ್ತಿರುವುದರಿಂದ ಹಣ ಕಟ್ಟುವ ಮೊದಲು ಎಲ್ಲಿದೆಯೆಂದು ವಿಚಾರಿಸಿಕೊಳ್ಳಿರಿ.

ಕನ್ನಡದ ಪಾಲು

ಇನ್ನೊಂದು ಮಾತು. ರಕ್ಷಿತ್ ಶೆಟ್ಟಿಯವರ ಸಂಸ್ಥೆ ನಿರ್ಮಿಸಿದ ‘ಏಕಂ’ ಎಂಬ ಕನ್ನಡ ಸರಣಿಯನ್ನು ದೊಡ್ಡ ವೇದಿಕೆಗಳು ಕೊಳ್ಳದೆ ಹೋದುದರಿಂದ, 2024ರ ಜುಲೈಯಲ್ಲಿ ಅವರು ತಮ್ಮದೇ ಜಾಲತಾಣದಲ್ಲಿ ಅದನ್ನು ಬಿಡುಗಡೆ ಮಾಡಬೇಕಾಯಿತು. ವ್ಯಾಪಾರಿಯು ಗಿರಾಕಿಯನ್ನು ನೋಡಿ ಸರಕು ತರುತ್ತಾನೆ. ನಮ್ಮ ಮನೆಗಳಲ್ಲಿ ಕನ್ನಡವನ್ನು ಆರಿಸಿ ನೋಡದಿದ್ದರೆ ನಾಳೆ ಆ ಅಂಗಡಿಯಲ್ಲಿ ಕನ್ನಡವೇ ಇರದು. ದೇವಭಾಷೆಯನ್ನು ಬದಿಗಿರಿಸಿ ಜನರ ನುಡಿಯಲ್ಲಿ ಧರ್ಮವನ್ನು ಹೇಳಿದ ಶರಣರ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಮತ್ತು 2017ರ ‘ಅಲ್ಲಮ’ ಚಿತ್ರಗಳನ್ನು ಇನ್ನೂ ನೋಡದವರು ಅಲ್ಲಿಂದಲೇ ತೊಡಗಬಹುದು.

ಕಜ್ಜಾಯದ ಪಾಕ

ಕೊನೆಗೆ ಮಂಡಕಳ್ಳಿಯ ಮನೆಯವರು ಮಾಡಿಕೊಂಡ ಕಟ್ಟಳೆಯನ್ನು ಹೇಳಿ ಮುಗಿಸುತ್ತೇನೆ. ಪ್ರಸಾದ ಸ್ವೀಕರಿಸುವಾಗ ಯಾರ ಕೈಯಲ್ಲೂ ತೆರೆ ಇರಕೂಡದು. ಪೂಜೆಯ ವೇಳೆಯಲ್ಲಿ ಮೊಬೈಲುಗಳೆಲ್ಲ ದೇವರ ಕೋಣೆಯ ಹೊರಗಿನ ಬುಟ್ಟಿಯಲ್ಲಿ. ಶನಿವಾರ ಸಂಜೆ ಎಲ್ಲರೂ ಕೂಡಿ ಒಂದೇ ಚಿತ್ರ, ಆಯ್ಕೆ ವಾರಕ್ಕೊಬ್ಬರದು. ಎಲ್ಲ ವಾರವೂ ಇದು ನಡೆದಿಲ್ಲವೆಂದು ಸೊಸೆ ಪ್ರಾಮಾಣಿಕವಾಗಿ ಹೇಳಿದರು. ಯಜಮಾನರು ಕ್ರಿಕೆಟ್ ಇದ್ದ ದಿನ ತಪ್ಪಿಸಿಕೊಂಡರಂತೆ. ಆದರೂ ತಿಂಗಳಿಗೆ ಎರಡು ಸಲವಾದರೂ ಆ ನಡುಮನೆ ಮತ್ತೆ ತುಂಬುತ್ತಿದೆ.

ಕೊರಿಯಾದ ಸನ್ಯಾಸಿನಿಯ ಚಿತ್ರ ನೋಡಿದ ಮೇಲೆ ಹಿರಿಯ ಮಗನಿಗೆ ಒಂದು ಯೋಚನೆ ಹೊಳೆಯಿತು. ಹಬ್ಬಕ್ಕೆ ಅಜ್ಜಿ ಕಜ್ಜಾಯ ಮಾಡುವುದನ್ನು ಅವನು ತನ್ನ ಮೊಬೈಲಿನಲ್ಲಿ ಚಿತ್ರೀಕರಿಸಿದ. ನೆನೆಸಿ ಆರಿಸಿದ ಅಕ್ಕಿಯ ಹಿಟ್ಟು, ಬೆಲ್ಲದ ಪಾಕ, ಎಳ್ಳು, ಗಸಗಸೆ. ಪಾಕ ಹದಕ್ಕೆ ಬಂತೆಂದು ತಿಳಿಯುವುದು ಹೇಗೆಂದು ಕೇಳಿದ. ಅಜ್ಜಿ ಬಟ್ಟಲಿನ ನೀರಿಗೆ ಒಂದು ತೊಟ್ಟು ಪಾಕ ಬಿಟ್ಟು, ಎರಡು ಬೆರಳಿನಲ್ಲಿ ಉಂಡೆ ಕಟ್ಟಿ ತೋರಿಸಿದರು. “ಇದ್ನ ನಮ್ಮತ್ತೆ ಹೇಳ್ಕೊಟ್ಟಿದ್ದು. ನನ್ನನ್ನ ಇದುವರ್ಗೂ ಯಾರೂ ಕೇಳಿರ್ಲಿಲ್ಲ” ಎಂದರು.

ಹನ್ನೆರಡು ನಿಮಿಷಗಳ ಆ ಚಿತ್ರ ಯಾವ ವೇದಿಕೆಯಲ್ಲಿಯೂ ಸಿಗುವುದಿಲ್ಲ. ಆದರೆ ಆ ಮನೆಯಲ್ಲಿ ಅದನ್ನು ಈಗಾಗಲೇ ನಾಲ್ಕು ಸಲ ನೋಡಿದ್ದಾರೆ. ನಿಮ್ಮ ಮನೆಯಲ್ಲಿಯೂ ಅಂತಹ ಒಬ್ಬ ಅಜ್ಜಿ ಇದ್ದರೆ, ಈ ಪಟ್ಟಿಯ ಎಲ್ಲ ಚಿತ್ರಗಳಿಗಿಂತ ಮೊದಲು ಆಕೆಯ ಕೈಯನ್ನು ನೋಡಿರಿ. ಶರಣು ಶರಣಾರ್ಥಿ.