ಮಕ್ಕಳ ಕೈಯಲ್ಲಿ ಗಾಳ

ಮನೆಗೆ ಬಂದು ಹೋಗುವ ಆಪ್ತರಲ್ಲಿ ಒಬ್ಬರಾದರೂ ಮಕ್ಕಳ ಪಾಲಿಗೇ ಮೀಸಲಾಗಿರುವುದುಂಟು. ಅವರು ರಕ್ತಸಂಬಂಧಿಗಳಲ್ಲ. ತಂದೆಯ ಸಹಪಾಠಿಯೋ, ಕಚೇರಿಯ ಜೊತೆಗಾರರೋ, ಹಿಂದೊಮ್ಮೆ ವಠಾರದಲ್ಲಿ ನೆರೆಯವರಾಗಿದ್ದವರೋ ಆಗಿರುತ್ತಾರೆ. ಮಕ್ಕಳು ಮಾತ್ರ ಅವರನ್ನು 'ಮಾಮ' ಎಂದೇ ಕರೆಯುತ್ತಾರೆ. ತಂದೆಗೆ ಬಿಡುವಿಲ್ಲದ, ತಾಯಿಗೆ ಧೈರ್ಯ ಸಾಲದ ಕಾರ್ಯಗಳೆಲ್ಲ ಈ ಮಾಮನ ಪಾಲಿಗೆ ಬರುತ್ತವೆ: ಸೈಕಲ್ ಕಲಿಸುವುದು, ಜಾತ್ರೆಯಲ್ಲಿ ಹೆಗಲ ಮೇಲೆ ಕೂರಿಸಿಕೊಳ್ಳುವುದು, ರಜೆಯ ಒಂದು ಬೆಳಗ್ಗೆ ಕೆರೆಯ ದಂಡೆಗೆ ಕರೆದೊಯ್ದು ಗಾಳ ಹಾಕಲು ಕಲಿಸುವುದು.

"ಅತ್ತಿಗೆ, ಮಕ್ಕಳನ್ನು ಕೆರೆಗೆ ಕರೆದುಕೊಂಡು ಹೋಗಿಬರಲೇ?" ಎಂಬ ಪ್ರಶ್ನೆಗೆ ಹೂಂ ಎನ್ನುವಾಗ ತಾಯಿಯ ಎದೆ ಒಮ್ಮೆ ಝಲ್ಲೆನ್ನದಿರದು. ಅದು ಸಹಜವಾದ ಭಯ. ಪರರ ಮಕ್ಕಳನ್ನು ನೀರಿನ ಬಳಿಗೆ ಕರೆದೊಯ್ಯುವವರು ಒಂದು ವಿನೋದದ ಜೊತೆಗೆ ದೊಡ್ಡದೊಂದು ಹೊಣೆಯನ್ನೂ ಕೈಗೆತ್ತಿಕೊಂಡಿರುತ್ತಾರೆ. ಆ ಹೊಣೆಯನ್ನರಿತು ನಡೆದರೆ, ಬುಟ್ಟಿಗೆ ಒಂದು ಮೀನೂ ಬೀಳದಿದ್ದರೂ, ಮಕ್ಕಳಿಗೆ ಶಾಲೆಯಲ್ಲಿ ದೊರೆಯದ ಪಾಠವೊಂದು ದೊರೆಯುತ್ತದೆ.

ಅರಸರ ವಿನೋದ

ಗಾಳ ಹಾಕಿ ಕೂರುವುದನ್ನು ಸೋಮಾರಿಗಳ ಕೆಲಸವೆಂದು ಹಳಿಯುವವರುಂಟು. ಅಂಥವರು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನನ್ನು ನೆನೆಯಬೇಕು. 12ನೆಯ ಶತಮಾನದಲ್ಲಿ ಆತ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವಿದೆ. ಮೀನಿನ ಜಾತಿಗಳು, ಅವುಗಳಿಗೆ ಹಾಕಬೇಕಾದ ಆಹಾರ, ಗಾಳದ ಹುರಿ ಮೊದಲಾದ ವಿಷಯಗಳನ್ನು ಅಲ್ಲಿ ವಿವರಿಸಲಾಗಿದೆ. ಕನ್ನಡ ನಾಡಿನ ಅರಸನೊಬ್ಬ ರಾಜ್ಯಭಾರದ ವಿಷಯಗಳ ಜೊತೆಗೆ ಗಾಳಕ್ಕೂ ತನ್ನ ಗ್ರಂಥದಲ್ಲಿ ಎಡೆಗೊಟ್ಟನೆಂಬುದು ಸ್ವಾರಸ್ಯದ ಸಂಗತಿ.

ಅನಂತರದ ಕಾಲದಲ್ಲಿ, ಮದರಾಸು ಸಿವಿಲ್ ಸರ್ವೀಸಿಗೆ ಸೇರಿದ ಎಚ್. ಎಸ್. ಥಾಮಸ್ ಎಂಬ ಆಂಗ್ಲ ಅಧಿಕಾರಿ ಭಾರತದ ಗಾಳಬೇಟೆಯನ್ನು ಕುರಿತು ಬರೆದ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕೆರೆಗಳಲ್ಲಿ ಗಾಳ ಹಾಕುವ ಬಗೆಗೇ ಆತ 1887ರಲ್ಲಿ ಮತ್ತೊಂದು ಪುಸ್ತಕ ಬರೆದನು.

ಬೆಂಡು ಹೇಳುವ ಸುದ್ದಿ

ಮಕ್ಕಳಿಗೆ ಬೇಕಾದ ಸಾಮಗ್ರಿ ಅಲ್ಪ. ಹಗುರವಾದ ಬಿದಿರು ಕೋಲು, ಒಂದಿಷ್ಟು ನೈಲಾನ್ ದಾರ, ತೇಲುವುದಕ್ಕೆ ಒಂದು ಬೆಂಡು, ದಾರವನ್ನು ಮುಳುಗಿಸಲು ಚಿಕ್ಕ ಸೀಸದ ಗುಂಡು, ತುದಿಗೆ ಗಾಳ. ಗಾಳಕ್ಕೆ ಸಿಕ್ಕಿಸುವ ಆಹಾರಕ್ಕೆ ಕನ್ನಡದಲ್ಲಿ 'ಎರೆ' ಎನ್ನುತ್ತಾರೆ. ಮಣ್ಣಿನ ಹುಳುವಿಗೂ 'ಎರೆಹುಳು' ಎಂಬ ಹೆಸರಿದೆ. ಈ ಎರಡು ಮಾತುಗಳ ನಂಟನ್ನು ಮಕ್ಕಳು ನಿಘಂಟಿನ ನೆರವಿಲ್ಲದೆ ಕೆರೆಯ ದಂಡೆಯಲ್ಲೇ ಅರಿತುಕೊಳ್ಳುತ್ತಾರೆ. ಹುಳುವನ್ನು ಮುಟ್ಟಲು ಹೇಸುವ ಮಕ್ಕಳಿಗೆ ಗೋಧಿಹಿಟ್ಟಿನ ಉಂಡೆಯೂ ಸಾಕು.

ಗಾಳ ನೀರಿಗೆ ಬಿದ್ದ ಮೇಲೆ ನಿಜವಾದ ಪರೀಕ್ಷೆ. ಐದು ನಿಮಿಷವೂ ಒಂದೆಡೆ ಕೂರದ ಹುಡುಗ ಬೆಂಡನ್ನೇ ನೋಡುತ್ತ ಕೂರಬೇಕು. ಬೆಂಡು ಸುಮ್ಮನೆ ನಡುಗಿದರೆ ಚಿಕ್ಕ ಮೀನು ಎರೆಯನ್ನು ಕಚ್ಚಿ ನೋಡುತ್ತಿದೆ. ಒಮ್ಮೆಗೇ ಮುಳುಗಿದರೆ ಅಥವಾ ಓರೆಯಾಗಿ ಸರಿದರೆ ಗಾಳ ನುಂಗಿದೆ. ಕಾಣದ ನೀರಿನೊಳಗಿನ ಸುದ್ದಿಯನ್ನು ಕಾಣುವ ಬೆಂಡಿನಿಂದ ಓದಿಕೊಳ್ಳುವುದೇ ಈ ಕಲೆಯ ಗುಟ್ಟು.

"ಮಾತನಾಡಿದರೆ ಮೀನು ಓಡಿಹೋಗುತ್ತದೆಯೇ, ಮಾಮ?" ಎಂದು ಮಕ್ಕಳು ಪಿಸುಗುಟ್ಟುತ್ತಾರೆ. ಗಾಳಿಯಲ್ಲಿನ ಸದ್ದು ನೀರಿನೊಳಕ್ಕೆ ಇಳಿಯುವುದು ಬಹಳ ಕಡಿಮೆ. ಆದುದರಿಂದ ಮೆಲುಮಾತಿಗೆ ಅಡ್ಡಿಯಿಲ್ಲ. ಆದರೆ ದಂಡೆಯಲ್ಲಿ ಕಾಲು ಅಪ್ಪಳಿಸಿದರೆ ಆ ಕಂಪನ ನೆಲದಿಂದ ನೀರಿಗೆ ಹಾಯುತ್ತದೆ. ಮೀನಿನ ಎರಡು ಪಕ್ಕೆಗಳ ಉದ್ದಕ್ಕೂ ಇಂಥ ಅಲುಗಾಟವನ್ನು ಗ್ರಹಿಸುವ ಇಂದ್ರಿಯವಿದೆ. ಮೆಲ್ಲಗೆ ಹೆಜ್ಜೆಯಿಡಿ ಎಂದು ಮನೆಯಲ್ಲಿ ನೂರು ಸಲ ಹೇಳಿದರೂ ಕೇಳದವರು ಇಲ್ಲಿ ತಾವಾಗಿಯೇ ಬೆಕ್ಕಿನಂತೆ ನಡೆಯುತ್ತಾರೆ.

ಕಾಯುವ ಹೊತ್ತು ಕಥೆಗಳಿಗೂ ಹೊತ್ತು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗುವ ಮಹಶೀರ್ ಮೀನನ್ನು ಗಾಳದಲ್ಲಿ ಹಿಡಿದ ಕಥೆಯನ್ನು ಕೇಳಿದ ಮಕ್ಕಳು ತಮ್ಮ ಬೆಂಡಿನ ಕೆಳಗೂ ಅಂಥದೇ ಒಂದು ಇದ್ದೀತೆಂದು ಕಣ್ಣರಳಿಸುತ್ತಾರೆ. ಕಾವೇರಿಯ ಆ ದೈತ್ಯ ಮಹಶೀರ್ ಇಂದು ಅಳಿವಿನ ಅಂಚಿಗೆ ಬಂದಿದೆ ಎಂಬ ಉತ್ತರಾರ್ಧವನ್ನೂ ಹೇಳಿಯೇ ಕಥೆಯನ್ನು ಮುಗಿಸಬೇಕು.

ಯಾರ ಕಣ್ಣು ಎಲ್ಲಿ?

ಮಕ್ಕಳ ಕಣ್ಣು ಬೆಂಡಿನ ಮೇಲಿರಬೇಕು. ಹಿರಿಯರ ಕಣ್ಣು ಮಕ್ಕಳ ಮೇಲಿರಬೇಕು. ಇದು ಈ ವಿನೋದದ ಮೊದಲನೆಯ ಮತ್ತು ಕಡೆಯ ನಿಯಮ. ತಾವೂ ಒಂದು ಗಾಳ ಹಿಡಿದು ಕುಳಿತ ಮಾಮ ಅರ್ಧ ಮಾಮ ಮಾತ್ರ. ಜಗತ್ತಿನಲ್ಲಿ ಎಳೆಯ ಮಕ್ಕಳ ಸಾವಿಗೆ ಪ್ರಮುಖವಾದ ಕಾರಣಗಳಲ್ಲಿ ನೀರಿನಲ್ಲಿ ಮುಳುಗುವುದೂ ಒಂದು. ಮುಳುಗುವ ಮಗು ಕೂಗಿಕೊಳ್ಳುವುದೆಂದು ನಂಬಿರುವುದು ತಪ್ಪು. ಬಹುಮಟ್ಟಿಗೆ ಅದು ಸದ್ದಿಲ್ಲದೆ ಮುಳುಗುತ್ತದೆ.

ಕೆರೆಯ ಮೇಲ್ಮೈ ಶಾಂತವಾಗಿದ್ದರೂ ತಳ ಸಮವಾಗಿರುವುದಿಲ್ಲ. ಹೂಳು ಅಥವಾ ಮಣ್ಣು ತೆಗೆದ ಕಡೆ ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಆಳುದ್ದದ ಗುಂಡಿಯಿರುತ್ತದೆ. ತೂಬಿನ ಬಳಿ ಸೆಳೆತ, ಕೋಡಿಯ ಕಲ್ಲಿನ ಮೇಲೆ ಪಾಚಿ. ಅಣೆಕಟ್ಟಿನ ಕೆಳಗಿನ ಹೊಳೆಯಲ್ಲಿ ಮೇಲಿನಿಂದ ನೀರು ಬಿಟ್ಟರೆ ಕ್ಷಣಗಳಲ್ಲಿ ಪ್ರವಾಹವೇರುತ್ತದೆ. ಕಾವೇರಿಯ ಹಲವೆಡೆ ಮೊಸಳೆಗಳೂ ಇವೆ. ಆದುದರಿಂದ ಪರಿಚಿತವಾದ ಕೆರೆಯ ಸಮತಟ್ಟಾದ ದಂಡೆಯೇ ಮಕ್ಕಳಿಗೆ ತಕ್ಕದ್ದು. ಅಲ್ಲಿಯೂ, ಮೀನಿನ ಹಕ್ಕು ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆದಾರರ ಅನುಮತಿ ಪಡೆಯಬೇಕು.

ಒಬ್ಬರು ಹಿರಿಯರಿಗೆ ಇಬ್ಬರು ಮಕ್ಕಳು ಸಾಕು. ಜೊತೆಯಲ್ಲಿ ಉದ್ದನೆಯ ಹಗ್ಗವೂ, ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಡಬ್ಬಿಯೂ ಇರಲಿ. ಜಾರಿಬಿದ್ದವರಿಗೆ ದಂಡೆಯಿಂದಲೇ ಕೋಲು ಚಾಚಬೇಕು, ಹಗ್ಗ ಎಸೆಯಬೇಕು. ತೇಲುವ ಡಬ್ಬಿಯೂ ಆಸರೆಯಾಗುತ್ತದೆ. ಈಜು ಬಾರದವರು ಒಬ್ಬರ ಹಿಂದೊಬ್ಬರು ಧುಮುಕಿ ಒಂದು ದುರಂತವನ್ನು ಎರಡಾಗಿಸಬಾರದು. ಗಾಳ ಬೀಸುವಾಗ ಹಿಂದೆ ಯಾರಿದ್ದಾರೆಂದು ನೋಡುವ ಅಭ್ಯಾಸವನ್ನು ಮೊದಲ ದಿನವೇ ಮಾಡಿಸಬೇಕು. ಚೇಳುಮೀನು ಸಿಕ್ಕಿದರೆ ಮಕ್ಕಳು ಮುಟ್ಟಕೂಡದು. ಅದರ ಪಕ್ಕದ ರೆಕ್ಕೆಗಳ ಮುಳ್ಳಿನಲ್ಲಿ ವಿಷವಿದೆ.

ಒಂದು ಕಠಿಣ ಪ್ರಶ್ನೆ

ಮೊದಲ ಮೀನು ದಂಡೆಯ ಮೇಲೆ ಬಿದ್ದು ಒದ್ದಾಡುವಾಗ ಮಕ್ಕಳ ಕೇಕೆ ಒಮ್ಮೆಗೇ ನಿಲ್ಲುತ್ತದೆ. "ಅದಕ್ಕೆ ನೋವಾಗುತ್ತಿದೆಯೇ, ಮಾಮ?" ಇಲ್ಲವೆಂದು ಸುಳ್ಳು ಹೇಳುವುದು ಸುಲಭ. ಆದರೆ 2003ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಟ್ರೌಟ್ ಮೀನಿನ ತಲೆಯಲ್ಲಿ ನೋವುಂಟುಮಾಡುವ ಆಘಾತಕ್ಕೆ ಸ್ಪಂದಿಸುವ ನರಾಗ್ರಗಳನ್ನು ಗುರುತಿಸಿದ್ದಾರೆ. ಬಲ್ಲ ಹಿರಿಯರು ಮರೆಮಾಚದೆ, "ಹೌದು, ಆಗುತ್ತಿರಬೇಕು. ಅದಕ್ಕೇ ತಡಮಾಡಬಾರದು" ಎನ್ನುತ್ತಾರೆ. ಮೀನು ಉಣ್ಣುವ ಮನೆಯ ಮಕ್ಕಳಾದರೆ ಬೇಕಾದಷ್ಟನ್ನೇ ಹಿಡಿದು ಒಡನೆಯೇ ಅದರ ಸಂಕಟ ಮುಗಿಸುವುದು. ಉಣ್ಣದ ಮನೆಯವರಾದರೆ ಕೈ ಒದ್ದೆಮಾಡಿಕೊಂಡು ಮೃದುವಾಗಿ ಗಾಳ ಬಿಡಿಸಿ ನೀರಿಗೆ ಬಿಡುವುದು. ಒಣಗೈಯಿಂದ ಹಿಡಿದರೆ ಮೀನನ್ನು ರೋಗದಿಂದ ಕಾಯುವ ಮೈಯ ಲೋಳೆ ಅಳಿಸಿಹೋಗುತ್ತದೆ. ಯಾವ ಮನೆಗೆ ಯಾವ ಪದ್ಧತಿ ಎಂಬುದನ್ನು ಹೊರಡುವ ಮುನ್ನವೇ ತಾಯಿತಂದೆಯರಲ್ಲಿ ಕೇಳಿಕೊಳ್ಳುವುದು ಸ್ನೇಹದ ಮರ್ಯಾದೆ. ಗಾಳವೇ ಬೇಡವೆನ್ನುವ ಮನೆಯ ಮಕ್ಕಳಿಗೆ ಶೃಂಗೇರಿಯ ತುಂಗೆಯಿದೆ. ಅಲ್ಲಿ ದೇವರ ಮೀನುಗಳಿಗೆ ಅಕ್ಕಿ, ಮಂಡಕ್ಕಿ ಎರಚಿ ಸಂತೋಷಪಡಬಹುದು.

ಗಾಳವನ್ನು ಹಿಂದಕ್ಕೆಳೆದುಕೊಳ್ಳಬೇಕಾದ ಸಂದರ್ಭವೂ ಉಂಟು. ಮಳೆಗಾಲದಲ್ಲಿ ಜೊಂಡಿನ ನಡುವೆ ಕೆಂಪು ಚುಕ್ಕೆಗಳ ಗುಂಪೊಂದು ಆಗಾಗ ಮೇಲೆದ್ದು ಮುಳುಗುತ್ತಿದ್ದರೆ ಅವು ಹಾವಿನಂಥ ತಲೆಯ ಕೊರಮೀನಿನ ಮರಿಗಳು. ಅವುಗಳ ಕೆಳಗೆ ತಾಯಿತಂದೆ ಮೀನುಗಳು ಕಾವಲಿರುತ್ತವೆ. ಹತ್ತಿರ ಬಂದುದರ ಮೇಲೆ ಎರಗುವುದರಿಂದ ಸುಲಭವಾಗಿ ಗಾಳಕ್ಕೂ ಸಿಕ್ಕುತ್ತವೆ. ಕಾವಲಿನ ಮೀನು ಹೋದರೆ ಮರಿಗಳೆಲ್ಲ ಅನ್ಯರ ತುತ್ತು. ಇದನ್ನು ಕೇಳಿದ ಮಗು ಹೇಳಿಸಿಕೊಳ್ಳದೆ ದಾರವನ್ನು ಸುತ್ತಿಕೊಳ್ಳುತ್ತದೆ. ಹಿಡಿಯಬಲ್ಲವನು ಹಿಡಿಯದೆ ಬಿಡುವುದೇ ದಯೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ನೀತಿಪಾಠವಿಲ್ಲ.

ಉಳಿಯುವ ಗಳಿಕೆ

ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ನೆಲದಲ್ಲಿ ಕ್ರೀಡಾಂಗಣವೆದ್ದಿತು. ಉಳಿದ ಹಲಸೂರು ಕೆರೆಯಲ್ಲಿ 2016ರ ಮಾರ್ಚ್ ತಿಂಗಳಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದುವು. ಆ ಸುದ್ದಿಯನ್ನು ಹೆಚ್ಚಿನವರು ಓದಿ ಮರೆತಿರಬಹುದು. ಆದರೆ ಎಳವೆಯಲ್ಲಿ ಒಂದು ಮುಂಜಾನೆ ಕೆರೆಯ ದಂಡೆಯಲ್ಲಿ ಬೆಂಡನ್ನು ನೋಡುತ್ತ ಕುಳಿತವರು ಮರೆಯಲಾರರು. ಆ ನೀರಿನ ತಳದಲ್ಲಿ ಒಂದು ಲೋಕವಿದೆಯೆಂಬುದನ್ನು ಅವರ ಕೈಯ ದಾರ ಅವರಿಗೆ ತಿಳಿಸಿರುತ್ತದೆ. ಮನೆಯ ಮಿತ್ರರೊಬ್ಬರು ಮಕ್ಕಳಿಗೆ ಕೊಡಬಹುದಾದ ಉಡುಗೊರೆಗಳಲ್ಲಿ ಇದಕ್ಕೆ ಬೆಲೆ ಕಟ್ಟುವುದು ಕಷ್ಟ. ಇದು ಅಂಗಡಿಯಲ್ಲಿ ಸಿಕ್ಕುವುದಿಲ್ಲ, ಮುರಿಯುವುದೂ ಇಲ್ಲ.