ಮೋಟಾರಿನ ಸ್ಪ್ರಿಂಗು ಬದಲಾಯಿಸುವ ಮುನ್ನ

ಮನುಷ್ಯನಿಗೆ ವೇಗದ ಮೇಲಿರುವ ಮೋಹ ಇಂದು ನಿನ್ನೆಯದಲ್ಲ. ಕುದುರೆಯ ಕಾಲದಲ್ಲಿ ಅದು ಕುದುರೆಯ ಮೇಲಿತ್ತು. ಈಗ ಮೋಟಾರಿನ ಮೇಲಿದೆ. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ತರುಣರಿಗೂ ವೇಗದ ಕಾರುಗಳ ಹಂಬಲ ಕಡಮೆಯಿಲ್ಲ. ಅಂಥ ಕಾರೊಂದು ಮನೆಯ ಮುಂದೆ ಬಂದು ನಿಂತಿತೆಂದರೆ, ಅದನ್ನು ನೆಲಕ್ಕೆ ತಗ್ಗಿಸಬೇಕು, ಸ್ಪ್ರಿಂಗು ಬಿಗಿ ಮಾಡಿಸಬೇಕು ಎಂಬ ಆಸೆ ಬೆನ್ನಲ್ಲೇ ಹುಟ್ಟುತ್ತದೆ. ಈ ಆಸೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಸಸ್ಪೆನ್ಷನ್ ಎಂಬುದು ಅಲಂಕಾರದ ವಸ್ತುವಲ್ಲ. ಅದನ್ನು ಯಾವಾಗ ಬದಲಾಯಿಸಬೇಕು, ಹೇಗೆ ಬದಲಾಯಿಸಬೇಕು ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಎತ್ತಿನ ಗಾಡಿಯ ಅಚ್ಚಿಗೂ ಮೈಗೂ ನಡುವೆ ಸ್ಪ್ರಿಂಗಿಲ್ಲ. ಆದ್ದರಿಂದ ದಾರಿಯ ಪ್ರತಿಯೊಂದು ಕಲ್ಲೂ ಕೂತವನ ಬೆನ್ನಿಗೆ ತಿಳಿಯುತ್ತದೆ. 1804ರಲ್ಲಿ ಇಂಗ್ಲೆಂಡಿನ ಒಬಡೈಯ ಎಲಿಯಟ್ ಎಂಬಾತ ಕುದುರೆ ಸಾರೋಟಿಗೆ ಉಕ್ಕಿನ ಕಮಾನುಗಳನ್ನು ಅಳವಡಿಸಿ ಹಕ್ಕುಪತ್ರ ಪಡೆದ. ನಮ್ಮ ಹಳೆಯ ಅಂಬಾಸಿಡರ್ ಕಾರಿನ ಹಿಂದಿನ ಚಕ್ರಗಳ ಮೇಲೂ ಇದ್ದದ್ದು ಕಮಾನು ಪಟ್ಟಿಯೇ. ಈಗಿನ ಕಾರುಗಳಲ್ಲಿ ಸಾಮಾನ್ಯವಾಗಿ ಸುರುಳಿ ಸ್ಪ್ರಿಂಗು, ಅದರ ಜೊತೆಗೆ ಶಾಕ್ ಅಬ್ಸಾರ್ಬರ್ ಇರುತ್ತವೆ. ಸ್ಪ್ರಿಂಗು ಪೆಟ್ಟನ್ನು ನುಂಗುತ್ತದೆ. ಆದರೆ ಅರಗಿಸಿಕೊಳ್ಳಲಾರದು, ನುಂಗಿದ್ದನ್ನು ಮರಳಿ ಕೊಡುತ್ತದೆ. ಅರಗಿಸುವ ಕೆಲಸ ಶಾಕ್ ಅಬ್ಸಾರ್ಬರಿನದು. ಅದರೊಳಗಿನ ಎಣ್ಣೆ ಕಿರಿದಾದ ರಂಧ್ರಗಳಲ್ಲಿ ನುಸುಳುವಾಗ ಕುಲುಕಾಟದ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಇವೆರಡೂ ಜೋಡೆತ್ತುಗಳಿದ್ದಂತೆ, ಒಂದನ್ನು ಮಾತ್ರ ಬದಲಾಯಿಸಿದರೆ ನೊಗ ವಾಲುತ್ತದೆ.

ಈಗ ಒಂದು ಲೆಕ್ಕ ನೋಡೋಣ. ಒಂದು ಚಕ್ರದ ಮೇಲೆ 300 ಕಿಲೋ ಭಾರವಿದೆ, ಅಲ್ಲಿಯ ಸ್ಪ್ರಿಂಗು 2 ಕಿಲೋ ಭಾರಕ್ಕೆ 1 ಮಿಲಿಮೀಟರ್ ಕುಗ್ಗುತ್ತದೆ ಎನ್ನಿ. ಆ ಮೂಲೆ ಸೆಕೆಂಡಿಗೆ ಸುಮಾರು 1.3 ಸಲ ಏರಿಳಿಯುತ್ತದೆ. ಇದು ಮನೆಮಂದಿ ಕೂತು ಹೋಗುವ ಕಾರಿನ ಹದ. ಸ್ಪ್ರಿಂಗನ್ನು ಎರಡರಷ್ಟು ಬಿಗಿ ಮಾಡಿದರೆ ಅದು 1.8ಕ್ಕೆ ಏರುತ್ತದೆ, ಇದು ಆಟೋಟದ ಕಾರಿನ ಹದ. ಪಂದ್ಯದ ಕಾರುಗಳಲ್ಲಿ 3ನ್ನು ಮೀರುವುದೂ ಉಂಟು. ಬಿಗಿಯಾದಂತೆಲ್ಲ ಕಾರು ಚಾಲಕನ ಕೈಮಾತನ್ನು ಬೇಗ ಕೇಳುತ್ತದೆ, ತಿರುವಿನಲ್ಲಿ ಕಡಮೆ ವಾಲುತ್ತದೆ. ಇದು ನಿಜವಾದ ಲಾಭ.

ಆದರೆ ತಗ್ಗಿಸಿದ ಕಾರು ನೆಲಕ್ಕೆ ಅಂಟಿಕೊಂಡು ಓಡುತ್ತದೆ ಎಂಬ ನಂಬಿಕೆಯಲ್ಲಿ ಎಷ್ಟು ಹುರುಳಿದೆ? ತಿರುವಿನಲ್ಲಿ ಒಳಚಕ್ರಗಳ ಭಾರ ಹೊರಚಕ್ರಗಳ ಮೇಲೆ ಸರಿಯುತ್ತದೆ. 1000 ಕಿಲೋ ಕಾರು, ಅದರ ಭಾರಕೇಂದ್ರ ನೆಲದಿಂದ 50 ಸೆಂಟಿಮೀಟರ್ ಮೇಲೆ, ಎಡಬಲ ಚಕ್ರಗಳ ಅಂತರ 150 ಸೆಂಟಿಮೀಟರ್, ತಿರುವಿನ ಎಳೆತ ಕಾರಿನ ತೂಕದ ಹತ್ತರಲ್ಲಿ ಆರು ಪಾಲು ಎಂದಿಟ್ಟುಕೊಂಡರೆ, ಹೀಗೆ ಸರಿಯುವ ಭಾರ 200 ಕಿಲೋ. ಸ್ಪ್ರಿಂಗು ಎಷ್ಟೇ ಬಿಗಿಯಾಗಲಿ ಈ ಮೊತ್ತ ಬದಲಾಗದು. ಅದರಲ್ಲಿ ಮುಂದಿನವಕ್ಕೆಷ್ಟು, ಹಿಂದಿನವಕ್ಕೆಷ್ಟು ಎಂಬ ಹಂಚಿಕೆ ಮಾತ್ರ ಬದಲಾಗುತ್ತದೆ. ಕಾರನ್ನು 2 ಸೆಂಟಿಮೀಟರ್ ತಗ್ಗಿಸಿದರೆ 200 ಹೋಗಿ 192 ಆಗುತ್ತದೆ. ಉಳಿದದ್ದು ಎಂಟೇ ಕಿಲೋ! ಈ ಎಂಟು ಕಿಲೋಗಾಗಿ ನಾವು ಕಳೆದುಕೊಳ್ಳುವುದೇನು ಎಂಬುದನ್ನು ನೋಡಬೇಡವೇ?

ಅದಕ್ಕೆ ಗೌರಸಮುದ್ರದ ಜಾತ್ರೆಗಿಂತ ಒಳ್ಳೆಯ ಉದಾಹರಣೆ ಬೇಡ. ಮಾರಮ್ಮನ ದರ್ಶನಕ್ಕೆ ನಮ್ಮ ಸೀಮೆಯಿಂದಲೂ ಆಂಧ್ರದ ಕಡೆಯಿಂದಲೂ ಜನ ಬರುತ್ತಾರೆ. ಒಂದು ಕಾರಿನಲ್ಲಿ ಐದು ಜನ ಕೂತು, ಗಂಟು ಮೂಟೆಗಳನ್ನು ಹಿಂದೆ ತುಂಬುತ್ತಾರೆ. ಹೀಗೆ ಹಿಂದಿನ ಒಂದೊಂದು ಚಕ್ರಕ್ಕೂ 100 ಕಿಲೋ ಹೆಚ್ಚುವರಿ ಭಾರ ಬಿತ್ತೆನ್ನೋಣ. ಮೇಲೆ ಹೇಳಿದ ಸ್ಪ್ರಿಂಗು 50 ಮಿಲಿಮೀಟರ್ ಕುಗ್ಗುತ್ತದೆ. ಖಾಲಿ ಕಾರಿನಲ್ಲಿ ಕುಗ್ಗಲು 90 ಮಿಲಿಮೀಟರ್ ಜಾಗವಿದ್ದರೆ ಇನ್ನೂ 40 ಉಳಿದಿರುತ್ತದೆ. ಇನ್ನೊಬ್ಬನ ಕಾರಿನಲ್ಲಿ ಅಂಥದೇ ಸ್ಪ್ರಿಂಗಿನ ಆರು ಸುತ್ತುಗಳಲ್ಲಿ ಒಂದನ್ನು ಕತ್ತರಿಸಿ, ಕಾರನ್ನು 40 ಮಿಲಿಮೀಟರ್ ತಗ್ಗಿಸಲಾಗಿದೆ. ಸ್ಪ್ರಿಂಗು ಐದರಲ್ಲೊಂದು ಪಾಲು ಬಿಗಿಯಾದ್ದರಿಂದ ಅದೇ ಭಾರಕ್ಕೆ 42 ಮಾತ್ರ ಕುಗ್ಗುತ್ತದೆ, ಸರಿ. ಆದರೆ ತಗ್ಗಿದ 40, ಕುಗ್ಗಿದ 42, ಎರಡೂ ಸೇರಿ 82. ಉಳಿದದ್ದು ಎಂಟು ಮಿಲಿಮೀಟರ್; ಕಿರುಬೆರಳಿನ ದಪ್ಪ!

ಹೆದ್ದಾರಿಯಲ್ಲಿ ಇದು ತಿಳಿಯುವುದಿಲ್ಲ. ಒಳದಾರಿ ಹಿಡಿದ ಮೇಲೆ ತಿಳಿಯುತ್ತದೆ. ಒಂದು ಗುಂಡಿ ಬಂದರೆ ಸ್ಪ್ರಿಂಗು ತಡೆರಬ್ಬರಿಗೆ ತಾಗುತ್ತದೆ; ಆ ಕ್ಷಣದಲ್ಲಿ ಕಾರಿಗೆ ಸಸ್ಪೆನ್ಷನ್ನೇ ಇಲ್ಲವೆಂದು ತಿಳಿಯಬಹುದು. ಚಕ್ರ ನೆಲಬಿಟ್ಟು ಜಿಗಿಯುತ್ತದೆ. ಗಾಳಿಯಲ್ಲಿರುವ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುಗುವ ಶಕ್ತಿಯೂ ಇಲ್ಲ. ನಮ್ಮ ಕಡೆಯ ದಾರಿಗಳಲ್ಲಿ ಕಿಲಾರಿಗಳು ದೇವರ ಎತ್ತುಗಳ ಹಿಂಡನ್ನು ಹೊಡೆದುಕೊಂಡು ಹೋಗುವುದನ್ನು ಯಾರು ತಾನೆ ಕಂಡಿಲ್ಲ? ಹಿಂಡು ದಾರಿಗೆ ಅಡ್ಡ ಬಂದಾಗ, ಹರಕೆ ಹೊತ್ತ ಹೆಂಗಸರು ಮಕ್ಕಳು ನಡೆದು ಬರುತ್ತಿರುವಾಗ, ಕಾರು ಹತ್ತು ಅಡಿ ಮೊದಲು ನಿಲ್ಲುವುದಕ್ಕೂ ಹತ್ತು ಅಡಿ ಮುಂದೆ ಹೋಗಿ ನಿಲ್ಲುವುದಕ್ಕೂ ಇರುವ ಅಂತರ ಎಂಥದೆಂದು ವಿವರಿಸಬೇಕಾಗಿಲ್ಲ.

ಪಂದ್ಯದವರೂ ಇದನ್ನು ಬಲ್ಲರು. ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯ ಪಂದ್ಯಪಥ ನುಣುಪಾದದ್ದು; ಅಲ್ಲಿಗೆ ತಗ್ಗಾದ, ಬಿಗಿಯಾದ ಕಾರು ತಕ್ಕದ್ದು. ಚಿಕ್ಕಮಗಳೂರಿನ ಕಾಫಿತೋಟಗಳ ಮಣ್ಣುದಾರಿಯಲ್ಲಿ ರ‍್ಯಾಲಿ ಓಡಿಸುವವರು ಕಾರನ್ನು ಎತ್ತರಕ್ಕಿಟ್ಟು, ಚಕ್ರಕ್ಕೆ ಏರಿಳಿಯಲು ಹೆಚ್ಚು ಜಾಗ ಕೊಡುತ್ತಾರೆ. ನಮ್ಮ ಊರುಗಳ ದಾರಿ ಯಾವುದಕ್ಕೆ ಹತ್ತಿರವೆಂಬುದನ್ನು ವಾಚಕರೇ ನಿರ್ಧರಿಸಲಿ.

ಹಾಗಾದರೆ ಬದಲಾವಣೆ ಯಾವಾಗ? ಮೊದಲು ಇರುವುದು ನೆಟ್ಟಗಿದೆಯೇ ಎಂದು ನೋಡಬೇಕು. ಕಾರಿನ ಒಂದು ಮೂಲೆಯನ್ನು ಬಲವಾಗಿ ಒತ್ತಿ ಬಿಟ್ಟರೆ ಅದು ಮೇಲೆದ್ದು ಸುಮ್ಮನಾಗಬೇಕು. ಮತ್ತೆ ಮತ್ತೆ ತೂಗಾಡಿದರೆ ಶಾಕ್ ಅಬ್ಸಾರ್ಬರ್ ಸೋತಿದೆ. ಅದರ ಮೈಮೇಲೆ ಎಣ್ಣೆ ಒಸರಿದ್ದರೂ ಅದೇ ಅರ್ಥ. ಟೈರು ಅಲ್ಲಲ್ಲಿ ತಗ್ಗುಬಿದ್ದಂತೆ ಸವೆದಿದ್ದರೆ, ಹಂಪಿನ ಮೇಲೆ ಕಟಕಟ ಸದ್ದಾದರೆ, ಬುಷ್, ಬಾಲ್ ಜಾಯಿಂಟ್‌ಗಳನ್ನು ಪರೀಕ್ಷಿಸಬೇಕು. ಸವೆದದ್ದನ್ನು ಹೊಸದು ಮಾಡಿ, ಒಳ್ಳೆಯ ಟೈರು ಹಾಕಿ, ಚಕ್ರಗಳ ಅಲೈನ್‌ಮೆಂಟ್ ಸರಿಪಡಿಸಿದ ಮೇಲೆ ಅನೇಕರ ಆಸೆ ಅಲ್ಲಿಗೇ ತೀರುತ್ತದೆ. ಇಷ್ಟಾದರೂ ಕಾರು ಬೇಡಿದ ಕೆಲಸಕ್ಕೆ ಸಾಲದು ಎಂದು, ಯಾವ ಕೆಲಸ, ಯಾವ ದಾರಿ ಎಂಬುದನ್ನೂ ಸೇರಿಸಿ ಸ್ಪಷ್ಟವಾಗಿ ಹೇಳಬಲ್ಲವನೇ ಮುಂದಿನ ಹೆಜ್ಜೆಗೆ ಅರ್ಹನು.

ಆ ಹೆಜ್ಜೆಯ ಕ್ರಮ ಹೀಗೆ: ಮೊದಲು ಉತ್ತಮ ಶಾಕ್ ಅಬ್ಸಾರ್ಬರ್, ಬೇಕೇ ಆದರೆ ಅದಕ್ಕೆ ಹೊಂದುವ ಸ್ಪ್ರಿಂಗು, ಎರಡನ್ನೂ ಜೋಡಿಯಾಗಿ ತಯಾರಿಸಿದವರಿಂದಲೇ, ಕೊನೆಗೆ ವಾಲುವಿಕೆಯನ್ನು ತಡೆಯುವ ಅಡ್ಡಸರಳು. ಮುಂದಿನ ಹಿಂದಿನ ಹದವನ್ನು ಮರೆಯಕೂಡದು. 1930ರ ದಶಕದಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರ್ಖಾನೆಯಲ್ಲಿ ಮಾರಿಸ್ ಆಲಿ ಎಂಬ ಎಂಜಿನಿಯರ್, ಹಿಂಭಾಗ ಮುಂಭಾಗಕ್ಕಿಂತ ತುಸು ಬೇಗ ಏರಿಳಿದರೆ ಕಾರು ತೊಟ್ಟಿಲಿನಂತೆ ತೂಗದೆ ಸಮನಾಗಿ ಸಾಗುತ್ತದೆಂದು ತೋರಿಸಿದ. ಮುಂದಿನ ಸ್ಪ್ರಿಂಗುಗಳನ್ನು ಮಾತ್ರ ಬಿಗಿ ಮಾಡಿದವನು ಈ ಹದವನ್ನು ಕೆಡಿಸುತ್ತಾನೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ದಾರಿಯಲ್ಲಿ, ಅಷ್ಟೇ ಭಾರ ಹಾಕಿ, ಟೈರಿಗೆ ಅಷ್ಟೇ ಗಾಳಿ ತುಂಬಿ ಓಡಿಸಿ ನೋಡಿದರೆ ಗುಣದೋಷ ಗೊತ್ತಾಗುತ್ತದೆ. ಸ್ಪ್ರಿಂಗನ್ನು ಕತ್ತರಿಸುವುದು ಮಾತ್ರ ಎಂದಿಗೂ ಕೂಡದು. ಚಕ್ರ ಇಳಿಬಿದ್ದಾಗ ಮೋಟು ಸ್ಪ್ರಿಂಗು ತನ್ನ ಪೀಠದಿಂದಲೇ ಜಾರಬಹುದು.

ಕಾನೂನಿನ ಮಾತೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕನ ನಮೂನೆಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿಷೇಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಸವೆದ ಭಾಗವನ್ನು ಅದೇ ನಮೂನೆಯ ಹೊಸ ಭಾಗದಿಂದ ಬದಲಾಯಿಸಲು ಮಾತ್ರ ಯಾವ ಅಡ್ಡಿಯೂ ಇಲ್ಲ.

ಕಾರಿನ ಎಂಜಿನ್ನು ಎಷ್ಟೇ ಬಲವಾಗಿರಲಿ, ಅದು ನೆಲವನ್ನು ಮುಟ್ಟುವುದು ನಾಲ್ಕು ಅಂಗೈಯಗಲದಲ್ಲಿ ಮಾತ್ರ. ಆ ನಾಲ್ಕು ಅಂಗೈಗಳು ನೆಲ ಬಿಡದಂತೆ ನೋಡಿಕೊಳ್ಳುವುದೇ ಸಸ್ಪೆನ್ಷನ್ನಿನ ಧರ್ಮ. ಆ ಧರ್ಮಕ್ಕೆ ನೆರವಾಗುವ ಬದಲಾವಣೆ ಸುಧಾರಣೆ. ಉಳಿದದ್ದು ಬರಿಯ ಆಡಂಬರ.