ನಾಯಿಯ ಎದೆಯೊಳಗಿನ ಕೆಂಪು ಹುಳು

ನಿನ್ನೆ ರಾತ್ರಿಯವರೆಗೂ ಬೊಗಳುತ್ತಿದ್ದ ನಾಯಿ ಬೆಳಿಗ್ಗೆ ಅಂಗಳದಲ್ಲಿ ಸತ್ತು ಬಿದ್ದಿರುತ್ತದೆ. ಮೈಮೇಲೆ ಗಾಯವಿಲ್ಲ, ಹಾವು ಕಚ್ಚಿದ ಗುರುತಿಲ್ಲ. ಮನೆಯವರ ಬಾಯಿಂದ ಬರುವ ಮೊದಲ ಮಾತು ಯಾವುದು? "ಯಾರೋ ವಿಷ ಹಾಕಿದಾರೆ." ಆ 'ಯಾರೋ' ಎಂಬುದಕ್ಕೆ ಸಂಜೆಯೊಳಗೆ ಒಂದು ಹೆಸರೂ ಸಿಕ್ಕಿಬಿಡುತ್ತದೆ. ಪಕ್ಕದ ಹೊಲದವನು, ಇಲ್ಲವೇ ಕೋಳಿ ಕಳೆದುಕೊಂಡ ಎದುರುಮನೆಯಾಕೆ. ಎರಡು ಮನೆಗಳ ನಡುವೆ ಮಾತು ನಿಂತುಹೋಗುತ್ತದೆ.

ವಿಷ ಹಾಕುವವರು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಹೀಗೆ ಹಠಾತ್ತನೆ ಸಾಯಲು ಇನ್ನೊಂದು ಕಾರಣವೂ ಉಂಟು. ಅದು ನಾಯಿಯ ಎದೆಯೊಳಗೇ ತಿಂಗಳುಗಟ್ಟಲೆ ಸದ್ದಿಲ್ಲದೆ ಬೆಳೆದಿರುವ ಒಂದು ಹುಳು. ಹೆಸರು ಸ್ಪೈರೋಸರ್ಕಾ ಲೂಪಿ. 'ಲೂಪಿ' ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳದ್ದು ಎಂದರ್ಥ. 1809ರಲ್ಲಿ ರೂಡಾಲ್ಫಿ ಎಂಬ ವಿಜ್ಞಾನಿ ಇದನ್ನು ವರ್ಣಿಸಿದರು. ಭಾರತದ ನಾಯಿಗಳಲ್ಲಿ ಇದರ ಜೀವನಚಕ್ರ ಹೇಗೆ ನಡೆಯುತ್ತದೆ ಎಂಬುದನ್ನು 1963ರಲ್ಲಿ ಅನಂತರಾಮನ್ ಮತ್ತು ಜಯಲಕ್ಷ್ಮಿ ಎಂಬ ಸಂಶೋಧಕರು ಬರೆದು ಪ್ರಕಟಿಸಿದ್ದಾರೆ.

ಮಡಕಶಿರಾ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಕಾಗದದ ಮೇಲೆ ಗೆರೆ ಬದಲಾದರೂ ಎರಡೂ ಕಡೆಯ ಬದುಕು ಒಂದೇ: ಶೇಂಗಾ ಹೊಲ, ಕುರಿಮಂದೆ, ಮನೆಯ ಹಿಂದೆ ತಿಪ್ಪೆ, ತಿಪ್ಪೆ ಕೆದಕುವ ಕೋಳಿ, ಬಾಗಿಲಲ್ಲಿ ನಾಯಿ. ಈ ಹುಳುವಿಗೆ ಬೇಕಾದದ್ದು ಇಷ್ಟೇ.

ಸೋಂಕು ತಗುಲಿದ ನಾಯಿಯ ಮಲದಲ್ಲಿ ಹುಳುವಿನ ಮೊಟ್ಟೆಗಳು ಬೀಳುತ್ತವೆ. ಸಗಣಿ ಉಂಡೆ ಉರುಳಿಸಿಕೊಂಡು ಹೋಗುವ ಕಪ್ಪು ಹುಳುಗಳನ್ನು ನೀವೆಲ್ಲ ನೋಡಿದ್ದೀರಿ, ಮಕ್ಕಳಿಗಂತೂ ಅದೊಂದು ಆಟ! ಆ ಜಾತಿಯ ಹುಳುಗಳು ನಾಯಿಯ ಮಲವನ್ನೂ ತಿನ್ನುತ್ತವೆ. ಮೊಟ್ಟೆಯೊಳಗಿನ ಮರಿ ಅವುಗಳ ಹೊಟ್ಟೆ ಸೇರುತ್ತದೆ. ಸಗಣಿ ಹುಳುವನ್ನು ನಾಯಿ ನೇರವಾಗಿ ತಿನ್ನಬಹುದು. ಇಲ್ಲವೇ ಅದನ್ನು ಕೋಳಿ, ಇಲಿ, ಓತಿಕ್ಯಾತ ತಿಂದು, ಅವುಗಳನ್ನು ನಾಯಿ ತಿನ್ನಬಹುದು. ಭಾನುವಾರ ನಾಟಿ ಕೋಳಿ ಕೊಯ್ದು, ಹಸಿ ಕರುಳನ್ನು ಪ್ರೀತಿಯಿಂದ ನಾಯಿಯ ಮುಂದೆ ಎಸೆಯುತ್ತೇವಲ್ಲ, ಅದೂ ಒಂದು ದಾರಿಯೇ.

ನಾಯಿಯ ಹೊಟ್ಟೆ ಸೇರಿದ ಮರಿ ಜಠರದ ಗೋಡೆ ಕೊರೆದು ರಕ್ತನಾಳಗಳ ಗೋಡೆಯ ಉದ್ದಕ್ಕೂ ಸಾಗಿ, ಕೆಲವು ವಾರಗಳಲ್ಲಿ ಮಹಾಅಪಧಮನಿಯನ್ನು ತಲುಪುತ್ತದೆ. ಹೃದಯದಿಂದ ಇಡೀ ದೇಹಕ್ಕೆ ರಕ್ತ ಒಯ್ಯುವ ಅತಿ ದೊಡ್ಡ ನಾಳ ಅದು. ಅದರ ಗೋಡೆಯಲ್ಲೇ ಸುಮಾರು ಮೂರು ತಿಂಗಳು ಬೆಳೆದು, ಆಮೇಲೆ ಪಕ್ಕದ ಅನ್ನನಾಳಕ್ಕೆ ಹೋಗಿ ಗಂಟು ಕಟ್ಟಿಕೊಂಡು ಮೊಟ್ಟೆ ಇಡುತ್ತದೆ. ಹುಳು ಹೋದರೂ ಅಪಧಮನಿಯ ಗೋಡೆಯಲ್ಲಿ ಗಾಯದ ಕಲೆ ಉಳಿಯುತ್ತದೆ. ಹಳೆಯ ಸೈಕಲ್ ಟ್ಯೂಬು ತೆಳುವಾದ ಕಡೆ ಉಬ್ಬುವಂತೆ ಆ ಜಾಗ ಉಬ್ಬುತ್ತದೆ. ಒಂದು ದಿನ ಒಡೆದರೆ ಎದೆಯೊಳಗೆ ರಕ್ತ ತುಂಬಿ, ನಿಮಿಷಗಳಲ್ಲೇ ಪ್ರಾಣ ಹೋಗುತ್ತದೆ.

ಎಲ್ಲ ನಾಯಿಗಳೂ ಹೀಗೆ ಸಾಯುವುದಿಲ್ಲ. ಹೆಚ್ಚಿನವುಗಳಲ್ಲಿ ಕಾಣುವುದು ಅನ್ನನಾಳದ ತೊಂದರೆ: ತಿಂದದ್ದನ್ನು ಜೀರ್ಣವಾಗುವ ಮುಂಚೆಯೇ ಹೊರಹಾಕುವುದು, ಜೊಲ್ಲು, ನುಂಗಲು ಕಷ್ಟ, ದಿನೇ ದಿನೇ ಸೊರಗುವುದು. ಕೆಲವು ನಾಯಿಗಳಲ್ಲಿ ಆ ಗಂಟು ವರ್ಷಗಳ ಮೇಲೆ ಕ್ಯಾನ್ಸರ್ ಆಗುವುದೂ ಉಂಟು. "ಹುಲ್ಲು ತಿಂದು ವಾಂತಿ ಮಾಡಿತು ಬಿಡಿ" ಎಂದು ನಾವು ಸುಮ್ಮನಾಗುತ್ತೇವೆ. ಪದೇ ಪದೇ ಹೀಗಾದರೆ ಸುಮ್ಮನಿರಬಾರದು. ಮಲಪರೀಕ್ಷೆಯಲ್ಲಿ ಮೊಟ್ಟೆ ಕಾಣಬಹುದು, ಕಾಣದೆಯೂ ಹೋಗಬಹುದು. ಆಗ ಎದೆಯ ಎಕ್ಸ್-ರೇ, ದೊಡ್ಡ ಆಸ್ಪತ್ರೆಗಳಲ್ಲಿ ಎಂಡೋಸ್ಕೋಪಿ ಬೇಕಾಗುತ್ತದೆ. ಸಾಮಾನ್ಯ ಜಂತುಹುಳುವಿನ ಮಾತ್ರೆ ಇದಕ್ಕೆ ಸಾಲದು. ಡೋರಾಮೆಕ್ಟಿನ್ ಎಂಬ ಇಂಜೆಕ್ಷನ್ನನ್ನು ಪಶುವೈದ್ಯರು ಹಲವು ಬಾರಿ ಕೊಡುತ್ತಾರೆ. ದನಕ್ಕೆ ತಂದ ಔಷಧಿಯನ್ನು ಅಂದಾಜಿನ ಮೇಲೆ ನಾಯಿಗೆ ಚುಚ್ಚುವ ಸಾಹಸ ಮಾತ್ರ ಬೇಡ. ಕಾಲಿಯಂಥ ಕೆಲವು ತಳಿಗಳಿಗೆ ಈ ಗುಂಪಿನ ಔಷಧಿಗಳೇ ಪ್ರಾಣಕ್ಕೆ ಬರುತ್ತವೆ.

ಸೊಳ್ಳೆ ಕಚ್ಚಿ ಬರುವ 'ಹೃದಯದ ಹುಳು' ಎಂಬುದು ಬೇರೆ. ಡೈರೋಫೈಲೇರಿಯಾ ಇಮ್ಮಿಟಿಸ್ ಎಂಬ ಆ ಹುಳು ಶ್ವಾಸಕೋಶದ ರಕ್ತನಾಳಗಳಲ್ಲೂ ಹೃದಯದ ಬಲಭಾಗದಲ್ಲೂ ದಾರದಂತೆ ಬೆಳೆಯುತ್ತದೆ. ನಮ್ಮ ದೇಶದಲ್ಲಿ ಅದು ಹೆಚ್ಚಾಗಿ ಕಂಡುಬಂದಿರುವುದು ಈಶಾನ್ಯ ರಾಜ್ಯಗಳಲ್ಲಿ. ಒಣನೆಲದ ನಮ್ಮ ಕಡೆ ಸೊಳ್ಳೆಗಿಂತ ಮೊದಲು ತಿಪ್ಪೆಯ ಕಡೆ ನೋಡುವುದು ಮೇಲು ಎಂದು ನನಗನ್ನಿಸುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು ಸುಲಭ. ಅಂಗಳದಲ್ಲಿ ಬಿದ್ದ ನಾಯಿಯ ಮಲವನ್ನು ಸಗಣಿ ಹುಳು ಬರುವ ಮೊದಲೇ, ಅಂದರೆ ಅಂದಂದೇ ತೆಗೆದು ಆಳವಾಗಿ ಹೂಳಿ. ಕೋಳಿಯ ಕರುಳು, ಗುಂಡಿಗೆ ಕೊಡಲೇಬೇಕೆಂದರೆ ಚೆನ್ನಾಗಿ ಬೇಯಿಸಿ ಕೊಡಿ. ನಾಯಿಯನ್ನು ಮುಟ್ಟಿದ ಮಾತ್ರಕ್ಕೆ ಮಕ್ಕಳಿಗೆ ಈ ಹುಳು ಬರುವುದಿಲ್ಲ, ಆ ಭಯ ಬೇಡ.

ನಾಯಿ ಸತ್ತೇಹೋದರೆ? ವಿಷವೋ, ಹುಳುವೋ ಎಂಬುದನ್ನು ಹೊರಗಿನಿಂದ ನೋಡಿ ಹೇಳಲಾಗದು. ಪಶುವೈದ್ಯರು ಶವಪರೀಕ್ಷೆ ಮಾಡಿದರೆ ಎದೆಯೊಳಗಿನ ರಕ್ತ, ಒಡೆದ ಅಪಧಮನಿ, ಅನ್ನನಾಳದ ಗಂಟಿನಲ್ಲಿ ಸುರುಳಿ ಸುತ್ತಿದ ಕೆಂಪು ಹುಳು ಕಣ್ಣಿಗೇ ಕಾಣುತ್ತವೆ. ನಮ್ಮ ಬಿಸಿಲಿಗೆ ಶವ ಬೇಗ ಕೊಳೆಯುತ್ತದೆ. ಆದ್ದರಿಂದ ನೆರೆಮನೆಯ ಬಾಗಿಲು ಬಡಿಯುವ ಮೊದಲು, ಅದೇ ಬೆಳಿಗ್ಗೆ, ನಾಯಿಯನ್ನು ಗೋಣಿಚೀಲದಲ್ಲಿ ಸುತ್ತಿ ಪಶು ಆಸ್ಪತ್ರೆಗೆ ಒಯ್ಯಿರಿ.